ಪಡ್ಡಿನ ಕಾವಲಿಯೂ ವ್ಯೋಮಯಾನವೂ

ವಿದ್ಯಾರ್ಥಿಗಳು ತಮ್ಮ ಕೈಯ ಕಾಸಿನಿಂದ ಚಲಚ್ಚಿತ್ರವೊಂದನ್ನು ತೆಗೆಯಹೊರಟರೆ ಯಾವ ಕಥೆಯ ಗೊಡವೆಗೆ ಹೋಗಬಾರದು ಎಂದು ಕೇಳಿ ನೋಡಿ. ಬಲ್ಲವರೆಲ್ಲ ಒಕ್ಕೊರಲಿನಿಂದ ‘ವ್ಯೋಮಯಾನ’ ಎನ್ನುತ್ತಾರೆ. ಪ್ರೇಮಕಥೆಗೆ ಒಂದು ಉದ್ಯಾನ, ಒಂದು ಕಲ್ಲುಬೆಂಚು ಸಾಕು. ದೆವ್ವದ ಕಥೆಗೆ ಅಜ್ಜನ ಕಾಲದ ಮನೆಯೂ ಒಂದು ಬಿಳಿಯ ಸೀರೆಯೂ ಸಾಕು. ನಕ್ಷತ್ರಮಂಡಲಕ್ಕೆ ಹೊರಟವನಿಗಾದರೋ ನೌಕೆ ಬೇಕು, ಉಡುಪು ಬೇಕು, ಭಾರವಿಲ್ಲದ ತೇಲಾಟ ಬೇಕು, ಕಿಟಕಿಯ ಆಚೆಗೆ ಅನಂತವೇ ಬೇಕು. ಅನಂತವು ಯಾವ ಅಂಗಡಿಯಲ್ಲಿಯೂ ಬಾಡಿಗೆಗೆ ದೊರೆಯುವುದಿಲ್ಲ.

ಆದರೂ ಹುಡುಗರು ಹೊರಡುವುದು ಅಲ್ಲಿಗೇ. ಅದಕ್ಕೆ ಬುದ್ಧಿಯ ಕೊರತೆಯೇ ಕಾರಣವೆಂದು ಹಿರಿಯರು ಹೇಳಿಯಾರು, ನನಗೆ ಹಾಗೆನಿಸುವುದಿಲ್ಲ. ಇಪ್ಪತ್ತರ ಪ್ರಾಯದಲ್ಲಿ ಹಣವಿರುವುದಿಲ್ಲ, ರಾತ್ರಿಗಳು ಮಾತ್ರ ಬೇಕಾದಷ್ಟಿರುತ್ತವೆ. ಅಂತಹ ರಾತ್ರಿಗಳ ಒಡೆಯರಾದ ಇಬ್ಬರು ಹುಡುಗರು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಚಲಚ್ಚಿತ್ರ ಶಾಲೆಯಲ್ಲಿ, 1970ರ ಸುಮಾರಿಗೆ ಜೊತೆಗೂಡಿದರು. ಒಬ್ಬಾತ ಜಾನ್ ಕಾರ್ಪೆಂಟರ್. ಇನ್ನೊಬ್ಬಾತ ಡ್ಯಾನ್ ಓಬ್ಯಾನನ್. ಶಾಲೆಯ ಅಭ್ಯಾಸಕ್ಕೆಂದು 16 ಮಿಲಿಮೀಟರ್ ಫಿಲ್ಮಿನಲ್ಲಿ ಅವರು ಆರಂಭಿಸಿದ ಕಿರುಚಿತ್ರವು ಹಣ ಬಂದಾಗ ನಡೆದು, ಹಣ ಮುಗಿದಾಗ ನಿಂತು, ಹಿಗ್ಗಿ ಹಿಗ್ಗಿ, ಕಡೆಗೆ ಪೂರ್ಣ ಪ್ರಮಾಣದ ಚಿತ್ರವೇ ಆಯಿತು. 1974ರಲ್ಲಿ ಲಾಸ್ ಏಂಜಲೀಸಿನ ಚಿತ್ರೋತ್ಸವದಲ್ಲಿ ಮೊದಲು ತೆರೆಯ ಮೇಲೆ ಬಂದು, ಮರುವರ್ಷ ಚಿತ್ರಮಂದಿರಗಳಿಗೆ ಇಳಿದ ಅದರ ಹೆಸರು ‘ಡಾರ್ಕ್ ಸ್ಟಾರ್’. ಎಲ್ಲವೂ ಸೇರಿ ಆದ ವೆಚ್ಚ ಸುಮಾರು 60,000 ಡಾಲರು.

ಈ ಮೊತ್ತ ದೊಡ್ಡದೋ ಚಿಕ್ಕದೋ ಎಂಬುದನ್ನು ತಿಳಿಯಬೇಕಾದರೆ ಅದಕ್ಕೆ ಆರು ವರ್ಷ ಮೊದಲು, 1968ರಲ್ಲಿ, ಸ್ಟಾನ್ಲಿ ಕ್ಯೂಬ್ರಿಕ್ ಹೊರತಂದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರವನ್ನು ಪಕ್ಕಕ್ಕೆ ಇಟ್ಟು ನೋಡಬೇಕು. ಅದಕ್ಕೆ ಒಂದು ಕೋಟಿ ಡಾಲರಿಗೂ ಮಿಕ್ಕಿ ಖರ್ಚಾಗಿತ್ತು. ಯಾತ್ರಿಕನು ಚಕ್ರದೊಳಗಿನ ಅಳಿಲಿನಂತೆ ಓಡುವ ದೃಶ್ಯವೊಂದಕ್ಕಾಗಿ 38 ಅಡಿ ವ್ಯಾಸದ ರಾಟೆಯೊಂದನ್ನು ವಿಮಾನ ಕಟ್ಟುವ ಕಂಪೆನಿಯಿಂದ ಕಟ್ಟಿಸಲಾಗಿತ್ತು. ‘ಡಿಸ್ಕವರಿ’ ನೌಕೆಯ ದೊಡ್ಡ ಮಾದರಿಯ ಉದ್ದವೇ 54 ಅಡಿ! ‘ಮಾದರಿ’ ಎಂಬ ಮಾತಿಗೆ ಇನ್ನೇನು ಅರ್ಥ ಉಳಿಯಿತು? ನಮ್ಮ ಬೆಂಗಳೂರಿನ ಮೂವತ್ತು-ನಲವತ್ತರ ನಿವೇಶನದಲ್ಲಿ ಅದನ್ನು ಇಡಲು ಹೊರಟರೆ ಎರಡು ತುದಿಗಳು ಅಕ್ಕಪಕ್ಕದವರ ಅಂಗಳಕ್ಕೆ ಚಾಚಿಕೊಂಡಾವು.

ಅಂತಹ ಚಿತ್ರವನ್ನು ಕಂಡ ಮೇಲೂ ತಾವೊಂದು ವ್ಯೋಮಚಿತ್ರ ತೆಗೆಯುತ್ತೇವೆಂದು ಹೊರಟ ಈ ಇಬ್ಬರ ಎದೆಗಾರಿಕೆಯನ್ನು ಮೆಚ್ಚಬೇಕು. ಅವರ ಉಗ್ರಾಣವು ಮಾರುಕಟ್ಟೆಯ ಪಾತ್ರೆ ಅಂಗಡಿಯಾಗಿತ್ತು. ವ್ಯೋಮಯಾತ್ರಿಕನ ಉಡುಪಿನ ಎದೆಯ ಮೇಲೆ ಏನೋ ಮಹತ್ತರವಾದ ಯಂತ್ರವಿರುವಂತೆ ಕಾಣುತ್ತದಷ್ಟೆ? ಅದು ಸಣ್ಣ ಸಣ್ಣ ಕೇಕುಗಳನ್ನು ಬೇಯಿಸುವ ಗುಳಿಗುಳಿಯಾದ ತಗಡಿನ ತಟ್ಟೆ. ನಮ್ಮ ಮನೆಗಳ ಪಡ್ಡಿನ ಕಾವಲಿಗೆ ದೂರದ ದಾಯಾದಿ. ನೌಕೆಯ ಚಾಲಕರ ಮುಂದೆ ಮಿನುಗುವ ಗುಂಡಿಗಳ ಸಾಲು ಶೀತಕಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕಟ್ಟಿಸುವ ಪ್ಲಾಸ್ಟಿಕ್ ಅಚ್ಚು. ಕೆಳಗಿನಿಂದ ದೀಪ ಹಾಯಿಸಿದರೆ ಅದೇ ಭವಿಷ್ಯತ್ಕಾಲದ ಯಂತ್ರಫಲಕ. ಅಡುಗೆಮನೆಯ ಸಾಮಾನುಗಳನ್ನು ನಾವು ಹೆಸರಿನಿಂದ ನೋಡುತ್ತೇವೆ, ಆಕಾರದಿಂದಲ್ಲ. ಹೆಸರನ್ನು ಕಿತ್ತುಕೊಂಡರೆ ಇಡ್ಲಿಯ ತಟ್ಟೆಗಿಂತ ಗಂಭೀರವಾದ ಯಂತ್ರಭಾಗ ಮತ್ತೊಂದಿಲ್ಲ. ಮಧ್ಯದ ಕಂಬ, ಸುತ್ತಲೂ ಗುಳಿ, ಗುಳಿಯೊಳಗೆ ಕಣ್ಣು; ಯಾವ ವಿಜ್ಞಾನಿ ಬಂದು ಅಲ್ಲವೆಂದಾನು?

ನೌಕೆಯ ರೂಪವನ್ನು ಬರೆದುಕೊಟ್ಟವನು ರಾನ್ ಕಾಬ್ ಎಂಬ ವ್ಯಂಗ್ಯಚಿತ್ರಕಾರ. ಉಪಾಹಾರಗೃಹದಲ್ಲಿ ಕುಳಿತಿದ್ದಾಗ ಕೈಯೊರಸುವ ಕಾಗದದ ಮೇಲೆ ಅದನ್ನು ಗೀಚಿದನಂತೆ. ಮಾದರಿಯನ್ನು ಕಟ್ಟಲು ಓಬ್ಯಾನನ್‌ನ ಜೊತೆಗೆ ಗ್ರೆಗ್ ಜೀನ್ ಎಂಬ ತರುಣನಿದ್ದ. ಈ ಗ್ರೆಗ್ ಜೀನನೇ ಮುಂದೆ 1977ರಲ್ಲಿ ಸ್ಟೀವನ್ ಸ್ಪೀಲ್ಬರ್ಗನ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ ಚಿತ್ರಕ್ಕೆ ಊರಗಲದ ಮಹಾನೌಕೆಯ ಮಾದರಿಯನ್ನು ಕಟ್ಟಿದ. ಅದೀಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಹತ್ತಿರ ಹೋಗಿ ನೋಡಿದವರಿಗೆ ಅದರ ಮೈಮೇಲೆ ಒಂದು ಪುಟ್ಟ ಅಂಚೆಪೆಟ್ಟಿಗೆಯೂ ಒಂದು ಆಟಿಕೆಯ ಗಾತ್ರದ ವ್ಯಾನೂ ಅಂಟಿಕೊಂಡಿರುವುದು ಕಾಣುತ್ತದೆ. ದೊಡ್ಡ ಹಣ ಬಂದ ಮೇಲೂ ಹುಡುಗಾಟಿಕೆ ಹೋಗಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಲ್ಲ!

ನೌಕೆಯು ಬೆಳಕಿಗಿಂತ ಹೆಚ್ಚಿನ ವೇಗಕ್ಕೆ ಜಿಗಿಯುವಾಗ ನಕ್ಷತ್ರಗಳೆಲ್ಲ ಬಿಂದುಗಳಾಗಿದ್ದವು ಗೆರೆಗಳಾಗಿ ಹಿಂದಕ್ಕೆ ಹರಿಯುತ್ತವೆ. ಇಂದು ಇದನ್ನು ನೋಡದ ಮಗುವಿಲ್ಲ. ಹೀಗೆ ತೋರಿಸಿದ ಮೊದಮೊದಲಿನ ಚಿತ್ರಗಳಲ್ಲಿ ‘ಡಾರ್ಕ್ ಸ್ಟಾರ್’ ಒಂದು. ಯುಕ್ತಿ ಇಷ್ಟೆ: ಕ್ಯಾಮೆರಾದ ಷಟರನ್ನು ಮುಚ್ಚದೆ ತೆರೆದೇ ಇಟ್ಟು, ಕ್ಯಾಮೆರಾವನ್ನು ಮೆಲ್ಲನೆ ಸರಿಸಿದರು. ಫಿಲ್ಮಿನ ಮೇಲೆ ಬೆಳಕಿನ ಚುಕ್ಕೆ ತಾನಾಗಿಯೇ ಗೆರೆಯಾಯಿತು. ದೀಪಾವಳಿಯ ರಾತ್ರಿ ಮಗುವೊಂದು ಸುರುಸುರು ಬತ್ತಿಯನ್ನು ತಿರುಗಿಸುತ್ತಿದ್ದಾಗ ತೆಗೆದ ಭಾವಚಿತ್ರದಲ್ಲಿ ಮಗುವಿನ ಮುಖವು ಕಾಣದೆ ಬೆಳಕಿನ ಬಳೆ ಮಾತ್ರ ಕಂಡದ್ದುಂಟಲ್ಲ, ಅದೇ ಸಂಗತಿ.

ಇನ್ನೊಂದು ದೃಶ್ಯದಲ್ಲಿ ಯಾತ್ರಿಕನೊಬ್ಬನು ಎತ್ತುಗದ ಆಳವಾದ ಬಾವಿಯಂತಹ ಕೊಳವೆಯಲ್ಲಿ ಎತ್ತುಗದ ಅಡಿಗೆ ಜೋತುಬಿದ್ದು ಒದ್ದಾಡುತ್ತಾನೆ. (ಲಿಫ್ಟಿಗೆ ‘ಎತ್ತುಗ’ವೆಂಬ ಪದವನ್ನು ನಾನೇ ಟಂಕಿಸಿದ್ದೇನೆ, ವಾಚಕರಿಗೆ ರುಚಿಸದಿದ್ದರೆ ಲಿಫ್ಟ್ ಎಂದೇ ಓದಿಕೊಳ್ಳಬಹುದು.) ನೋಡುವವರ ಅಂಗಾಲು ಜುಮ್ಮೆನ್ನುತ್ತದೆ. ಆದರೆ ಆ ಬಾವಿ ವಾಸ್ತವದಲ್ಲಿ ನೆಲದ ಮೇಲೆ ಮಲಗಿತ್ತು. ನಟನು ಅಡ್ಡಲಾಗಿದ್ದ, ಕ್ಯಾಮೆರಾವೂ ಅದಕ್ಕೆ ತಕ್ಕಂತೆ ನಿಂತಿತ್ತು. ಮೇಲು ಕೆಳಗುಗಳ ಭ್ರಮೆ ಮಾತ್ರ ನಮ್ಮದು. ಜೋತುಬಿದ್ದ ನಟ ಬೇರಾರೂ ಅಲ್ಲ, ಓಬ್ಯಾನನ್ನನೇ. ಕಥೆಯಲ್ಲಿ ಪಾಲು, ಸಂಕಲನ, ರಂಗಸಜ್ಜಿಕೆ, ಚಮತ್ಕಾರ ದೃಶ್ಯಗಳು, ಇವೆಲ್ಲವುಗಳ ಮೇಲೆ ‘ಪಿನ್‌ಬ್ಯಾಕ್’ ಎಂಬ ಪಾತ್ರ, ಎಲ್ಲವೂ ಅವನ ತಲೆಯ ಮೇಲಿದ್ದವು. ನಿರ್ದೇಶನವೂ ಸಂಗೀತವೂ ಕಾರ್ಪೆಂಟರನವು. ವಿದ್ಯಾರ್ಥಿ ಚಿತ್ರವೆಂದರೆ ಹೀಗೆಯೇ. ಹಳ್ಳಿಯ ನಾಟಕದಲ್ಲಿ ದ್ರೌಪದಿಯೇ ತೆರೆ ಎಳೆದು, ಬಂದು, ವಸ್ತ್ರಾಪಹರಣಕ್ಕೆ ನಿಲ್ಲುವಂತೆ.

ಇಷ್ಟೆಲ್ಲ ಯುಕ್ತಿಗಳು ಬೇರೆ ಬಡ ಚಿತ್ರಗಳಲ್ಲಿಯೂ ಇವೆ; ಅವು ಮರೆತುಹೋದವು. ಇದು ಐವತ್ತು ವರ್ಷ ಕಳೆದ ಮೇಲೂ ಏಕೆ ಉಳಿದಿದೆ? ನಮ್ಮ ಹಳೆಯ ಅಲಂಕಾರಿಕರ ಬಳಿ ಇದಕ್ಕೆ ಉತ್ತರವಿದೆಯೆಂದು ನನ್ನ ನಂಬಿಕೆ. ರಸಭಂಗದ ಮೂಲವನ್ನು ಹುಡುಕಿ ಹೊರಟ ಆನಂದವರ್ಧನನು ಔಚಿತ್ಯದ ಕೊರತೆಯತ್ತ ಬೆರಳು ಮಾಡಿದನು; ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನಂತೂ ಔಚಿತ್ಯವನ್ನೇ ಕಾವ್ಯದ ಜೀವವೆಂದು ಸಾರಿ ಅದಕ್ಕಾಗಿ ಒಂದು ಗ್ರಂಥವನ್ನೇ ಬರೆದನು. ವಸ್ತುವು ಅಗ್ಗವೋ ದುಬಾರಿಯೋ ಎಂಬುದು ಪ್ರಶ್ನೆಯಲ್ಲ. ಇರುವ ಎಡೆಗೆ ತಕ್ಕುದೋ ಅಲ್ಲವೋ ಎಂಬುದು ಪ್ರಶ್ನೆ.

‘ಡಾರ್ಕ್ ಸ್ಟಾರ್’ ನೌಕೆಯ ಕಥೆ ಹೀಗಿದೆ. ನಾಲ್ವರು ಯಾತ್ರಿಕರು ಇಪ್ಪತ್ತು ವರ್ಷಗಳಿಂದ ಅಲೆಯುತ್ತಿದ್ದಾರೆ. ಅವರ ಕೆಲಸ, ಮುಂದೆ ಮನುಷ್ಯರು ಬಂದು ನೆಲಸುವುದಕ್ಕೆ ಅಪಾಯವಾಗಬಹುದಾದ ಗ್ರಹಗಳನ್ನು ಬಾಂಬು ಹಾಕಿ ಪುಡಿಮಾಡುವುದು. ನೌಕೆಯ ಅಧಿಪತಿ ಕುಳಿತ ಕುರ್ಚಿಯಲ್ಲಿಯೇ ವಿದ್ಯುದಾಘಾತದಿಂದ ಸತ್ತಿದ್ದಾನೆ. ಅವನನ್ನು ಮಂಜಿನಲ್ಲಿಟ್ಟು ಆಗಾಗ ಸಲಹೆ ಕೇಳುತ್ತಾರೆ. ಮಲಗುವ ಕೋಣೆ ಸಿಡಿದುಹೋಗಿದೆ. ಶೌಚದ ಕಾಗದದ ದಾಸ್ತಾನೂ ನಾಶವಾಗಿದೆ. ಗಡ್ಡ ಬೆಳೆದಿದೆ, ಮಾತು ಬತ್ತಿದೆ, ಊರಿನಿಂದ ರಿಪೇರಿಗೆ ಹಣ ಬಂದಿಲ್ಲ. ಸರಕಾರಿ ವಸತಿಗೃಹದಲ್ಲಿ ವಾಸ ಮಾಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಇಂತಹ ನೌಕೆಯಲ್ಲಿ ಯಂತ್ರಫಲಕವು ಪ್ಲಾಸ್ಟಿಕ್ಕಿನದಾಗಿ ಕಂಡರೆ ಅದು ಚಿತ್ರದ ಬಡತನವಲ್ಲ, ನೌಕೆಯ ಬಡತನ. ಕ್ಯೂಬ್ರಿಕ್ಕನ ಬಿಳಿಯ ಹಾಲುಗಲ್ಲಿನಂತಹ ನೌಕೆಯೊಳಗೆ ಇದೇ ಕೇಕಿನ ತಟ್ಟೆಯನ್ನು ಇಟ್ಟಿದ್ದರೆ ಮೊದಲ ನೋಟದಲ್ಲಿಯೇ ಕಳ್ಳನು ಸಿಕ್ಕಿಬೀಳುತ್ತಿದ್ದ. ತಮ್ಮಲ್ಲಿ ಏನಿಲ್ಲವೋ ಅದೇ ತಮ್ಮ ಪಾತ್ರಗಳಲ್ಲಿಯೂ ಇಲ್ಲದಂತೆ ಕಥೆ ಹೆಣೆದುದು ಆ ಹುಡುಗರ ನಿಜವಾದ ಚಮತ್ಕಾರ. ಕೊನೆಗೆ ಬಾಂಬೊಂದು ಸಿಡಿಯುವೆನೆಂದು ಹಟ ಹಿಡಿದಾಗ, ಯಾತ್ರಿಕನು ಅದರ ಮುಂದೆ ತೇಲುತ್ತ ನಿಂತು, ‘ನೀನು ಅರಿತದ್ದೆಲ್ಲ ಇಂದ್ರಿಯಗಳ ಮೂಲಕ ತಾನೇ? ಅವು ಸುಳ್ಳು ಹೇಳುತ್ತಿಲ್ಲವೆಂದು ಹೇಗೆ ಬಲ್ಲೆ?’ ಎಂಬ ಧಾಟಿಯಲ್ಲಿ ಅದಕ್ಕೆ ತತ್ತ್ವಶಾಸ್ತ್ರವನ್ನು ಬೋಧಿಸುತ್ತಾನೆ! ಚರ್ಚೆಗೆ ಖರ್ಚಿಲ್ಲ. ಚರ್ಚೆಯ ಫಲವೇನಾಯಿತೆಂಬುದನ್ನು ನೋಡದವರಿಗಾಗಿ ಬಿಟ್ಟಿರುತ್ತೇನೆ.

ಈ ಸಂಗತಿಗಳು ನನ್ನ ತಲೆಯಲ್ಲಿ ಸುಳಿಯಲು ಕಾರಣ ನಮ್ಮ ಕಾಲೇಜಿನ ಬಿ.ಎಸ್ಸಿ. ಹುಡುಗರು. ಹತ್ತು ನಿಮಿಷದ ವ್ಯೋಮಚಿತ್ರ ತೆಗೆಯುತ್ತೇವೆಂದೂ ಸಂಭಾಷಣೆಯ ಕನ್ನಡವನ್ನು ತಿದ್ದಿಕೊಡಬೇಕೆಂದೂ ಮೂವರು ಮನೆಗೆ ಬಂದಿದ್ದರು. ‘ಕಂಪ್ಯೂಟರಿನಲ್ಲಿ ಎಲ್ಲವೂ ಆಗುತ್ತದಂತಲ್ಲ, ಈ ತೊಂದರೆ ಏಕೆ?’ ಎಂದೆ. ‘ಆಗುತ್ತೆ ಸಾರ್. ಆದರೆ ಎಲ್ಲರದೂ ಒಂದೇ ಥರ ಆಗುತ್ತೆ’ ಎಂದು ಅವರಲ್ಲಿ ಗಿಡ್ಡನೆಯವನು ಹೇಳಿದ. ಆ ಉತ್ತರ ನನಗೆ ಹಿಡಿಸಿತು. ಸಂಭಾಷಣೆಗಿಂತ ಅವರ ಸಾಮಗ್ರಿಯೇ ನನ್ನ ಮನಸ್ಸನ್ನು ಸೆಳೆದು, ಮುಂದಿನ ನಾಲ್ಕು ಭಾನುವಾರಗಳು ನಮ್ಮ ನಡುಮನೆಯಲ್ಲಿ ಕಳೆದವು.

ಮೊದಲ ಪಾಠ ಕತ್ತಲೆಯದು. ವ್ಯೋಮದಲ್ಲಿ ಗಾಳಿಯಿಲ್ಲ, ಆದ್ದರಿಂದ ಬೆಳಕು ಚೆದರುವುದಿಲ್ಲ, ಆದ್ದರಿಂದ ನೆರಳೆಂದರೆ ಇದ್ದಿಲಿನಂತಹ ನೆರಳು. ಒಂದೇ ದೀಪ, ಒಂದೇ ಕಡೆಯಿಂದ. ಎರಡನೆಯ ದೀಪ ಹಚ್ಚಿದರೆ ಎರಡನೆಯ ಸೂರ್ಯ ಹುಟ್ಟಿದಂತೆ. ಗೋಡೆಯ ಸುಣ್ಣಕ್ಕೆ ಬಡಿದು ಬರುವ ಬೆಳಕು ಸಹ ಶತ್ರುವೇ. ಅದನ್ನು ಹೀರಲು ಸುತ್ತಲೂ ಕರಿಯ ಬಟ್ಟೆ ಬೇಕು. ಈ ಕರಿಯ ಬಟ್ಟೆಯೇ ಆಕಾಶವೂ ಆಗುವುದರಿಂದ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ. ಬಟ್ಟೆಗೆ ಸೂಜಿಯಿಂದ ತೂತು ಮಾಡಿ ಹಿಂದಿನಿಂದ ದೀಪವಿಟ್ಟರೆ ನಕ್ಷತ್ರಗಳು. ಆದರೆ ಸೂರ್ಯನ ಬೆಳಕು ಬಿದ್ದ ನೌಕೆಯ ಪಕ್ಕದಲ್ಲಿ ನಕ್ಷತ್ರಗಳು ಕ್ಯಾಮೆರಾಕ್ಕೆ ಕಾಣವು. 1969ರಲ್ಲಿ ಚಂದ್ರನ ಮೇಲೆ ತೆಗೆದ ಭಾವಚಿತ್ರಗಳಲ್ಲಿ ಆಕಾಶವು ಬರಿಯ ಕರಿದಾಗಿರುವುದು ಇದಕ್ಕಾಗಿಯೇ. ಹೊಳೆಯುವ ನೆಲಕ್ಕೆ ತಕ್ಕಷ್ಟು ಮಾತ್ರ ಬೆಳಕನ್ನು ಒಳಗೆ ಬಿಟ್ಟ ಕ್ಯಾಮೆರಾಕ್ಕೆ ಮಂಕು ನಕ್ಷತ್ರ ದಕ್ಕುವುದಿಲ್ಲ. ಹುಡುಗರು ಈ ಸತ್ಯವನ್ನು ಒಪ್ಪಿಕೊಂಡರು. ನಕ್ಷತ್ರಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಪ್ರೇಕ್ಷಕನು ನಕ್ಷತ್ರಗಳಿಗೆಂದೇ ಬಂದಿರುವನಲ್ಲ!

ಎರಡನೆಯದು ಗಾತ್ರ. ಒಂದಡಿಯ ನೌಕೆಯನ್ನು ಸಾವಿರ ಅಡಿಯದೆಂದು ನಂಬಿಸಬೇಕು. ಕಣ್ಣು ಇದನ್ನು ಎಲ್ಲಿ ಹಿಡಿಯುತ್ತದೆ? ಚಿಕ್ಕ ವಸ್ತುವಿನ ಸಮೀಪಕ್ಕೆ ಕ್ಯಾಮೆರಾ ಹೋದಾಗ ಮೂತಿ ಸ್ಪಷ್ಟವಾಗಿ ಬಾಲ ಮಸುಕಾಗುತ್ತದೆ. ನಿಜವಾದ ಬೆಟ್ಟವನ್ನು ದೂರದಿಂದ ಕಂಡಾಗ ಹೀಗಾಗುವುದಿಲ್ಲ. ಆದ್ದರಿಂದ ಮಸುಕನ್ನು ಕಂಡೊಡನೆ ಮನಸ್ಸು ‘ಇದು ಆಟಿಕೆ’ ಎಂದುಬಿಡುತ್ತದೆ. ಪರಿಹಾರವೆಂದರೆ ಮಸೂರದ ರಂಧ್ರವನ್ನು ಆದಷ್ಟು ಕಿರಿದುಮಾಡಿ, ಕಡಿಮೆಯಾದ ಬೆಳಕಿಗೆ ಬದಲಾಗಿ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕೊಡುವುದು. ಕ್ಯೂಬ್ರಿಕ್ಕನ ತಂಡ ಮಾಡಿದ್ದೂ ಇದೇ. ನೌಕೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಒಂದು ಚಿತ್ರ. ಒಂದು ಸೆಕೆಂಡಿನ ಯಾನಕ್ಕೆ ಹೀಗೆ 24 ಚಿತ್ರಗಳು. ರಂಗೋಲಿ ಹಾಕಿ ಅಭ್ಯಾಸವಿದ್ದ ಹುಡುಗಿಯೊಬ್ಬಳನ್ನು ತಂಡಕ್ಕೆ ಸೇರಿಸಿಕೊಂಡ ಮೇಲೆ ಈ ಕೆಲಸ ಸುಸೂತ್ರವಾಯಿತು. ಗಂಡುಹುಡುಗರಿಗೆ ತಾಳ್ಮೆ ಏಳನೆಯ ಚಿತ್ರಕ್ಕೇ ಮುಗಿಯುತ್ತಿತ್ತು.

ಏನಾದರೂ ಬೀಳುವ, ಸಿಡಿಯುವ ದೃಶ್ಯಕ್ಕೆ ಬೇರೊಂದು ಲೆಕ್ಕ. ಒಂದಡಿ ಎತ್ತರದಿಂದ ಬೀಳುವ ವಸ್ತು ಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಇಪ್ಪತ್ತೈದು ಅಡಿ ಎತ್ತರದಿಂದ ಬಿದ್ದರೆ ಒಂದೂಕಾಲು ಸೆಕೆಂಡು. ಎತ್ತರ ಇಪ್ಪತ್ತೈದು ಪಟ್ಟಾದರೆ ಕಾಲ ಐದು ಪಟ್ಟು ಮಾತ್ರ, ಅಂದರೆ ಅದರ ವರ್ಗಮೂಲ. ಆದ್ದರಿಂದ ಇಪ್ಪತ್ತೈದನೆಯ ಒಂದು ಪಾಲಿನ ಗಾತ್ರದ ಗೋಪುರವನ್ನು ಬೀಳಿಸುವಾಗ ಸೆಕೆಂಡಿಗೆ 24ರ ಬದಲು 120 ಚಿತ್ರ ತೆಗೆದು, ತೋರಿಸುವಾಗ 24ರಂತೆ ತೋರಿಸಿದರೆ, ಅದು ಗೋಪುರದ ಗಾಂಭೀರ್ಯದಿಂದಲೇ ಬೀಳುತ್ತದೆ. ಹಿಂದೆ ಇದಕ್ಕೆ ವಿಶೇಷ ಕ್ಯಾಮೆರಾ ಬೇಕಾಗಿತ್ತು. ಇಂದು ಹುಡುಗರ ಜೇಬಿನ ಮೊಬೈಲ್ ಫೋನುಗಳೇ ಅನೇಕವು 120, 240 ಎಂದು ತೆಗೆಯುತ್ತವೆ. ನೀರಿಗೆ ಮಾತ್ರ ಈ ಲೆಕ್ಕ ನಡೆಯದು. ಹನಿಯ ಗಾತ್ರವನ್ನು ಯಾವ ಕ್ಯಾಮೆರಾವೂ ಕಿರಿದುಮಾಡಲಾರದು.

ದಾರದ ವಿಷಯ ನಮಗೆ ಹೊಸದಲ್ಲ. ಪೌರಾಣಿಕ ಚಿತ್ರಗಳಲ್ಲಿ ಪುಷ್ಪಕವಿಮಾನದ ತಂತಿಯನ್ನು ಬೆರಳಿಟ್ಟು ತೋರಿಸಿ, ಭಕ್ತಿಯಲ್ಲಿ ಮುಳುಗಿದ್ದ ಅಜ್ಜಿಯ ಕೈಯಿಂದ ತಲೆಯ ಮೇಲೆ ಮೊಟಕಿಸಿಕೊಂಡವರು ನನ್ನ ವಾಚಕರಲ್ಲಿ ಹಲವರಿದ್ದಾರು. ದಾರಕ್ಕೆ ಕಪ್ಪು ಬಳಿಯುವುದು ಒಂದು ಉಪಾಯ. ಅದಕ್ಕಿಂತ ಸೊಗಸಾದುದು ಇನ್ನೊಂದು: ನೌಕೆಯನ್ನು ತಲೆಕೆಳಗಾಗಿ ತೂಗಹಾಕಿ, ಕ್ಯಾಮೆರಾವನ್ನೂ ತಲೆಕೆಳಗಾಗಿಸಿ ತೆಗೆಯುವುದು. ಆಗ ತೆರೆಯ ಮೇಲೆ ದಾರವು ನೌಕೆಯ ಕೆಳಗಡೆ ಇರುತ್ತದೆ. ಸಂಶಯ ಸ್ವಭಾವದ ಪ್ರೇಕ್ಷಕನು ಮೇಲುಗಡೆಯೇ ಹುಡುಕುತ್ತಾನೆ. ದಾರವೇ ಬೇಡವೆನ್ನುವವರಿಗೆ ಕ್ಯೂಬ್ರಿಕ್ಕನ ಲೇಖನಿಯಿದೆ. ಆತನ ಚಿತ್ರದಲ್ಲಿ ನಿದ್ದೆಹೋದ ಪ್ರಯಾಣಿಕನ ಕೈಯಿಂದ ಜಾರಿದ ಲೇಖನಿ ಗಾಳಿಯಲ್ಲಿ ತೇಲುತ್ತದೆ, ಪರಿಚಾರಿಕೆ ಬಂದು ಅದನ್ನು ಹಿಡಿದು ಅವನ ಜೇಬಿಗೆ ಸೇರಿಸುತ್ತಾಳೆ. ಲೇಖನಿಯನ್ನು ಎರಡು ಕಡೆಗೂ ಅಂಟುವ ಪಟ್ಟಿಯಿಂದ ದೊಡ್ಡ ಗಾಜಿನ ಹಾಳೆಗೆ ಅಂಟಿಸಿ, ಗಾಜನ್ನು ಮೆಲ್ಲಗೆ ತಿರುಗಿಸಿದ್ದರು. ಆಕೆ ಅದನ್ನು ಗಾಜಿನಿಂದ ಕಿತ್ತಳಷ್ಟೆ. ಕೋಟಿ ಡಾಲರಿನ ಚಿತ್ರದಲ್ಲಿ ಜನ ಇಂದಿಗೂ ನೆನೆಯುವ ಚಮತ್ಕಾರಗಳಲ್ಲಿ ಒಂದಕ್ಕೆ ಬೇಕಾದದ್ದು ಒಂದು ಗಾಜು, ಒಂದು ತುಂಡು ಅಂಟುಪಟ್ಟಿ.

ಇನ್ನು ಆಕಾಶಗಂಗೆಯ ಮೋಡಗಳು, ಬಣ್ಣಬಣ್ಣದ ನೀಹಾರಿಕೆಗಳು. ನಾನು ಮೇಲೆ ಹೇಳಿದ ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದಲ್ಲಿ ಆಕಾಶದಲ್ಲಿ ಕುದಿಯುವ ಮೋಡಗಳನ್ನು ಡಗ್ಲಸ್ ಟ್ರಂಬುಲ್ಲನ ತಂಡ ನೀರಿನ ತೊಟ್ಟಿಯಲ್ಲಿ ಎಬ್ಬಿಸಿತು. ಅಡಿಯಲ್ಲಿ ಉಪ್ಪುನೀರು, ಅದರ ಮೇಲೆ ಕದಡದಂತೆ ಸಿಹಿನೀರು. ನಡುವೆ ಬಿಳಿಯ ಬಣ್ಣವನ್ನು ಕೊಳವೆಯಿಂದ ಬಿಟ್ಟರೆ, ಭಾರವಾದ ಉಪ್ಪುನೀರನ್ನು ಸೀಳಲಾರದೆ ಬಣ್ಣವು ಅಲ್ಲಿಯೇ ಮೋಡದಂತೆ ಹರಡಿ ಹೊರಳುತ್ತದೆ. 2006ರ ‘ದಿ ಫೌಂಟನ್’ ಚಿತ್ರದ ನೀಹಾರಿಕೆಗಳಲ್ಲಂತೂ ಕಂಪ್ಯೂಟರಿಗಿಂತ ಹೆಚ್ಚಾಗಿ ಪೀಟರ್ ಪಾರ್ಕ್ಸ್ ಎಂಬ ಛಾಯಾಗ್ರಾಹಕನ ಪುಟ್ಟ ಗಾಜಿನ ಬಟ್ಟಲುಗಳಲ್ಲಿ ನಡೆದ ರಾಸಾಯನಿಕ ಕ್ರಿಯೆಗಳೇ ಇವೆ.

ನಮ್ಮ ಹುಡುಗರು ನೆರೆಮನೆಯ ಮೀನಿನ ತೊಟ್ಟಿಯನ್ನು ಎರವಲು ತಂದರು; ಮೀನುಗಳು ಎರಡು ದಿನ ಬಕೆಟ್ಟಿನಲ್ಲಿ ವನವಾಸ ಅನುಭವಿಸಿದವು. ಹಾಲಿನ ಹನಿಗಳಿಂದ ಬಿಳಿಯ ಮೋಡವೇನೋ ಬಂತು. ಬಣ್ಣ ಬೇಕೆಂದು ಹುಡುಗರು ಅಂಗಡಿಯ ಮಸಿ, ಹೋಳಿಯ ಪುಡಿ ಎಲ್ಲವನ್ನೂ ಸುರಿದರು. ನೀರೆಲ್ಲ ಕೊಚ್ಚೆಯಾಯಿತೇ ಹೊರತು ನೀಹಾರಿಕೆ ಹುಟ್ಟಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ನನ್ನ ಮನೆಯಾಕೆ, ‘ಅಲ್ಲಾ ಕಣ್ರೋ, ಆರತಿ ನೀರು ಕಲಸೋದನ್ನ ಯಾರೂ ನೋಡೇ ಇಲ್ವೇನೋ? ಅರಿಸಿನದ ನೀರಿಗೆ ಸುಣ್ಣದ ತಿಳಿ ಬಿಡಿ’ ಎಂದಳು.

ಬಿಟ್ಟರು. ಹಳದಿಯ ಸ್ತಬ್ಧ ನೀರಿನೊಳಗೆ ಸುಣ್ಣದ ತಿಳಿ ಇಳಿದ ಕಡೆಯಲ್ಲೆಲ್ಲ ರಕ್ತಗೆಂಪಿನ ಬಳ್ಳಿಗಳು ಒಡೆದು, ಸುರುಳಿ ಸುತ್ತಿ, ಅಂಚಿನಲ್ಲಿ ಕಿತ್ತಳೆಯಾಗಿ, ಒಂದರೊಳಗೊಂದು ಹೊಕ್ಕು ಹರಡಿದವು. ಬಣ್ಣವನ್ನು ಹೊರಗಿನಿಂದ ತಂದದ್ದಲ್ಲ, ನೀರೇ ಅಲ್ಲಲ್ಲಿ ಬಣ್ಣ ತಾಳುತ್ತಿತ್ತು, ಸೊಗಸೆಲ್ಲ ಅದರಲ್ಲಿತ್ತು. ಅರಿಸಿನದೊಳಗಿನ ವರ್ಣದ್ರವ್ಯವು ಕ್ಷಾರದ ಸಂಗದಲ್ಲಿ ಕೆಂಪಾಗುತ್ತದೆ. ನಿಂಬೆಯ ಹುಳಿ ಬಿದ್ದರೆ ಮರಳಿ ಹಳದಿಯಾಗುತ್ತದೆ. ನಿಂಬೆಯ ರಸವನ್ನೂ ಬಿಟ್ಟು ನೋಡಿದರು. ಕೆಂಪು ಮೋಡದ ನಡುವೆ ಹಳದಿಯ ಕಿಂಡಿ ತೆರೆಯಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ‘ಅಕ್ಕಾ, ಕೊನೆಯಲ್ಲಿ ಹೆಸರು ಹಾಕುವಾಗ ನಿಮ್ಮದೂ ಇರುತ್ತೆ’ ಎಂದು ಗಿಡ್ಡನೆಯವನು ಹೇಳಿದ. ‘ಮೊದಲು ಆ ಮೀನುಗಳಿಗೆ ಒಂದು ದಾರಿ ಮಾಡು’ ಎಂಬ ಉತ್ತರ ಬಂತು. (ಮನೆಯಲ್ಲಿ ಇದನ್ನು ಮಾಡಹೊರಡುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು: ಸುಣ್ಣದ ನೀರು ಕಣ್ಣಿಗೆ ಸಿಡಿಯಬಾರದು.)

ಇಷ್ಟು ಹೇಳಿದ ಮೇಲೆ ಅಮೆರಿಕದ ಹುಡುಗರ ಸೋಲನ್ನೂ ಹೇಳಬೇಕು. ‘ಡಾರ್ಕ್ ಸ್ಟಾರ್’ ಚಿತ್ರದಲ್ಲಿ ಅನ್ಯಗ್ರಹದ ಪ್ರಾಣಿಯೊಂದಿದೆ. ಪಿನ್‌ಬ್ಯಾಕನು ಅದನ್ನು ಸಾಕುವುದಕ್ಕೆಂದು ನೌಕೆಗೆ ತಂದಿದ್ದಾನೆ. ಅದು ಏನೆಂದುಕೊಂಡಿರಿ? ಕಡಲತೀರದಲ್ಲಿ ಮಕ್ಕಳು ಆಡುವ, ಗಾಳಿ ತುಂಬಿದ ದೊಡ್ಡ ಚೆಂಡು! ಅದಕ್ಕೆ ಬಣ್ಣ ಬಳಿದು ಚುಕ್ಕೆಯಿಟ್ಟು ಅಡಿಯಲ್ಲಿ ಎರಡು ರಬ್ಬರ್ ಪಂಜಗಳನ್ನು ಜೋಡಿಸಿದ್ದರು. ಹಣವಿದ್ದಿದ್ದರೆ ಬೇರೆ ಪ್ರಾಣಿಯನ್ನು ಮಾಡುತ್ತಿದ್ದರು, ಹಣವಿರಲಿಲ್ಲ, ಚೆಂಡು ಹೇಗೂ ನಗೆ ಬರಿಸುವ ವಸ್ತುವಾದ್ದರಿಂದ ಆ ಭಾಗವನ್ನೆಲ್ಲ ಹಾಸ್ಯವಾಗಿ ಬರೆದರು. ಚೆಂಡು ತಪ್ಪಿಸಿಕೊಂಡು ಓಣಿಗಳಲ್ಲಿ ಓಡುತ್ತದೆ. ಪಿನ್‌ಬ್ಯಾಕ್ ಬೆನ್ನಟ್ಟುತ್ತಾನೆ. ಅವನು ಎತ್ತುಗದ ಬಾವಿಯಲ್ಲಿ ಜೋತುಬೀಳುವುದೂ ಅದರ ಚೇಷ್ಟೆಯಿಂದಲೇ. ಕಡೆಗೆ ಮದ್ದಿನ ಸೂಜಿಯಿಂದ ಹೊಡೆದರೆ, ಗಾಳಿ ಬಿಟ್ಟ ಬುಗ್ಗೆಯಂತೆ ಬುಸ್ಸೆಂದು ಹಾರಿ ಸೊರಗಿ ಬೀಳುತ್ತದೆ.

ಜನ ನಗಲಿಲ್ಲ.

ಬರೆದವನೂ ನಟಿಸಿದವನೂ ಒಬ್ಬನೇ ಆಗಿದ್ದಾಗ ಕತ್ತಲ ಮಂದಿರದ ಆ ಮೌನ ಅವನ ಮೇಲೆ ಹೇಗೆ ಬಿದ್ದಿರಬೇಕು! ತರಗತಿಯಲ್ಲಿ ಹಾಸ್ಯ ಹೇಳಿ ಅರುವತ್ತು ಜೋಡಿ ಕಣ್ಣುಗಳ ತಣ್ಣನೆಯ ನೋಟಕ್ಕೆ ಗುರಿಯಾದ ನಮ್ಮಂತಹವರಿಗೆ ಅದರ ಕಿಂಚಿತ್ ಅನುಭವವುಂಟು. ಚೆಂಡು ಚೆಂಡಾಗಿಯೇ ಕಂಡಿತು. ನೌಕೆಯ ಬಡತನವನ್ನು ಕಥೆ ಹೊತ್ತುಕೊಂಡಂತೆ ಪ್ರಾಣಿಯ ಬಡತನವನ್ನು ಅದು ಹೊರಲಾಗಲಿಲ್ಲವೆಂದು ನನಗೆ ತೋರುತ್ತದೆ. ಒಂದೇ ಚಿತ್ರದಲ್ಲಿ ಔಚಿತ್ಯದ ಎರಡು ಮುಖಗಳೂ ಇವೆ. ಚೆಂಡನ್ನು ಕಂಡು ಇಂದಿಗೂ ಮನಸಾರೆ ನಗುವ ಅಭಿಮಾನಿಗಳು ನನ್ನ ಈ ಮಾತನ್ನು ಒಪ್ಪಲಾರರು, ಇರಲಿ.

ಆ ಬಳಿಕ ಇಬ್ಬರ ದಾರಿಗಳು ಬೇರೆಯಾದವು. ಮತ್ತೆ ಅವರು ಕೂಡಿ ಚಿತ್ರ ಮಾಡಲಿಲ್ಲ. ಕಾರ್ಪೆಂಟರನು 1978ರಲ್ಲಿ ‘ಹ್ಯಾಲೋವೀನ್’ ಚಿತ್ರದಿಂದ ಹೆಸರುವಾಸಿಯಾದನು. ಓಬ್ಯಾನನ್‌ನನ್ನು ಅಲೆಹಾಂದ್ರೋ ಹೊದೊರೋವ್ಸ್ಕಿ ಎಂಬ ನಿರ್ದೇಶಕ ‘ಡ್ಯೂನ್’ ಎಂಬ ಮಹಾಚಿತ್ರದ ಚಮತ್ಕಾರ ದೃಶ್ಯಗಳಿಗಾಗಿ ಪ್ಯಾರಿಸ್ಸಿಗೆ ಕರೆಸಿಕೊಂಡ. ‘ಡಾರ್ಕ್ ಸ್ಟಾರ್’ ನೋಡಿಯೇ ಕರೆಸಿದ್ದು. ಆ ಚಿತ್ರ ಆರಂಭವಾಗುವ ಮುನ್ನವೇ ಹಣವಿಲ್ಲದೆ ಮುರಿದುಬಿತ್ತು. ಓಬ್ಯಾನನ್ ಕೈಯಲ್ಲಿ ಕಾಸಿಲ್ಲದೆ, ಇರಲು ಮನೆಯಿಲ್ಲದೆ ಲಾಸ್ ಏಂಜಲೀಸಿಗೆ ಮರಳಿ, ರೊನಾಲ್ಡ್ ಶುಸೆಟ್ ಎಂಬ ಗೆಳೆಯನ ಮನೆಯ ಸೋಫಾದ ಮೇಲೆ ದಿನ ಕಳೆದನು. ಆ ಸೋಫಾದ ಮೇಲಿರುವಾಗಲೇ ಹಳೆಯ ಚೆಂಡನ್ನು ಮತ್ತೆ ಕೈಗೆತ್ತಿಕೊಂಡನು. ನಗಿಸಲಾಗದಿದ್ದರೆ ಹೆದರಿಸುತ್ತೇನೆ ಎಂಬುದು ಅವನ ಹಟ.

ಅದೇ ನೌಕೆ, ಊರು ಬಿಟ್ಟು ಬಹುದ್ದೂರ ಬಂದು ಬೇಸತ್ತ ಅದೇ ಕೆಲಸಗಾರರು, ಒಳಗೆ ಸೇರಿಕೊಂಡ ಅದೇ ಅನ್ಯಪ್ರಾಣಿ, ಓಣಿಗಳಲ್ಲಿ ಅದೇ ಹುಡುಕಾಟ. ವಿಭಾವಗಳೆಲ್ಲ ಹಾಗೆಯೇ ಇದ್ದು ಹಾಸ್ಯವಿದ್ದ ಪೀಠದಲ್ಲಿ ಭಯಾನಕವು ಬಂದು ಕುಳಿತಿತು. ಹಾಗೆ ಹುಟ್ಟಿದ್ದು ‘ಏಲಿಯನ್’. 1979ರಲ್ಲಿ ರಿಡ್ಲಿ ಸ್ಕಾಟ್ ಅದನ್ನು ನಿರ್ದೇಶಿಸಿದ. ಕೈಯೊರಸುವ ಕಾಗದದ ಮೇಲೆ ನೌಕೆ ಬರೆದ ರಾನ್ ಕಾಬನೇ ಇಲ್ಲಿಯೂ ನೌಕೆಯ ಒಳಾಂಗಣವನ್ನು ಬರೆದುಕೊಟ್ಟ. ಈ ಬಾರಿ ಯಾರೂ ನಗಬೇಕಾಗಿರಲಿಲ್ಲ, ಯಾರೂ ನಗಲೂ ಇಲ್ಲ.

ಈ ಸಲ ಹಣಕ್ಕೆ ಕೊರತೆಯಿರಲಿಲ್ಲ. ಆದರೂ ಒಂದೆರಡು ಸಂಗತಿಗಳನ್ನು ಕೇಳಿ. ಸತ್ತುಬಿದ್ದ ದೈತ್ಯನ ಮುಂದೆ ಯಾತ್ರಿಕರು ನಿಲ್ಲುವ ದೃಶ್ಯದಲ್ಲಿ ದೈತ್ಯನು ಇನ್ನೂ ದೊಡ್ಡವನಾಗಿ ಕಾಣಲೆಂದು ಸ್ಕಾಟ್ ತನ್ನ ಇಬ್ಬರು ಚಿಕ್ಕ ಮಕ್ಕಳಿಗೆ ಪುಟ್ಟ ವ್ಯೋಮದುಡುಪು ತೊಡಿಸಿ ನಿಲ್ಲಿಸಿದ. ಭಯಂಕರವಾದ ಮೊಟ್ಟೆಯೊಳಗೆ ಏನೋ ಮಿಸುಕುವುದು ಕಾಣುತ್ತದಲ್ಲ, ಅದು ರಬ್ಬರ್ ಕೈಗವಸು ತೊಟ್ಟ ನಿರ್ದೇಶಕನ ಸ್ವಂತ ಕೈ. ಯಾತ್ರಿಕನ ಮುಖಕ್ಕೆ ಅಂಟಿಕೊಂಡಿದ್ದ ಪ್ರಾಣಿಯು ಸತ್ತ ಮೇಲೆ ನೌಕೆಯ ವಿಜ್ಞಾನಾಧಿಕಾರಿಯು ಅದನ್ನು ಮಗುಚಿ ಹಾಕಿ ಪರೀಕ್ಷಿಸುವಾಗ ಒಳಗೆ ಕಾಣುವ ಹಸಿಹಸಿಯಾದ ಅಂಗಾಂಗಗಳಿಗೆ ಸಿಂಪಿಯ ಮಾಂಸವನ್ನೂ ಕುರಿಯ ಮೂತ್ರಪಿಂಡವನ್ನೂ ಬಳಸಿದ್ದರು.